ಸಹಿಗೆ ಸಾಲದ ಹಾಲು

(ಪತ್ರಿಕೆಯ ಮೂಲಕ ಒಂದು ಬಹಿರಂಗ ಪತ್ರ)

ಮಾನ್ಯ ಕುಟುಂಬ ಕ್ಷೇಮಾಧಿಕಾರಿಗಳೇ,

ಬರುವ ಗುರುವಾರ ನಿಮ್ಮ ಇಲಾಖೆಯ ವಾಹನ ನಮ್ಮ ಕರಕ್ ಊರಿನ ಆಸ್ಪತ್ರೆಗೆ ಬಂದು, ನನ್ನ ಅಣ್ಣ ಫವಾಜ್‌ನನ್ನು ರಾಜಧಾನಿ ಅಮ್ಮಾನಿನ ನಿರ್ಗತಿಕರ ಆಶ್ರಮಕ್ಕೆ ಸಾಗಿಸಲಿದೆಯಂತೆ. ಕಾರಣವನ್ನು ನಿಮ್ಮ ಆದೇಶವೇ ಹೇಳುತ್ತದೆ: ‘ರೋಗಿಗೆ ಕುಟುಂಬವಿಲ್ಲ.’ ತಮಾಷೆಯೆಂದರೆ, ಕುಟುಂಬವಿಲ್ಲದವನ ಈ ಆದೇಶವನ್ನು ದಾದಿ ತಂದು ಕೊಟ್ಟದ್ದು ನನ್ನ ಕೈಗೆ. ಆಗ ನಾನು ಅವನಿಗೆ ಬೇಳೆ ಗಂಜಿ ಕುಡಿಸುತ್ತಿದ್ದೆ. ಲಕ್ವ ಹೊಡೆದು ಅವನ ಬಲಭಾಗ ಬಿದ್ದುಹೋಗಿದೆ, ಮಾತು ನಿಂತಿದೆ. ನಾನಲ್ಲದೆ ಬೇರೆ ಯಾರು ಚಮಚ ಹಿಡಿದರೂ ಬಾಯಿ ತೆರೆಯುವುದಿಲ್ಲ. ಅವನನ್ನು ಮನೆಗೆ ಕರೆದೊಯ್ಯುತ್ತೇನೆ, ಸಹಿ ಎಲ್ಲಿ ಹಾಕಲಿ ಎಂದರೆ, ನನ್ನ ಸಹಿ ನಡೆಯುವುದಿಲ್ಲವಂತೆ. ನಾನು ಅವನ ಹಾಲಿನ ತಂಗಿ. ಹಾಲು ನಿಮ್ಮ ಲೆಕ್ಕದಲ್ಲಿ ನೆಂಟಸ್ತಿಕೆಯಲ್ಲ.

ಹೀಗೆಂದು ಮೂವತ್ತೈದು ವರ್ಷದ ಹಿಂದೆಯೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಫವಾಜ್ ಆಗ ನನ್ನನ್ನು ಮದುವೆಯಾಗಬೇಕಿದ್ದ ಹುಡುಗ. ಅವನ ತಂದೆ ಸೈನ್ಯದ ಲಾರಿ ಓಡಿಸುತ್ತಿದ್ದವರು. ಮಗ ಕೂಸಾಗಿದ್ದಾಗ ಅಕಬಾ ಬಂದರಿಗೆ ವರ್ಗವಾಗಿ ಹೋಗಿ, ಅವನು ಮೀಸೆ ಬಂದ ಗಂಡಾದ ಮೇಲೆ ಊರಿಗೆ ಮರಳಿದರು. ಅಷ್ಟರಲ್ಲಿ ಅವನ ತಾಯಿಯೂ ಇರಲಿಲ್ಲ, ನನ್ನ ತಾಯಿಯೂ ಇರಲಿಲ್ಲ. ನಾವು ಒಬ್ಬರನ್ನೊಬ್ಬರು ಮೆಚ್ಚಿದೆವು. ಈ ವಯಸ್ಸಿನಲ್ಲಿ ಇದನ್ನು ಪತ್ರಿಕೆಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ತುಂಬ ಮೆಚ್ಚಿದ್ದೆವು. ನಿಕಾಹ್ ಬರೆಸುವ ದಿನ ಖಾಜಿಗಳು ಬಂದು ಕೂತರು. ಹಳ್ಳಿಯಿಂದ ನನ್ನ ಸೋದರತ್ತೆ ಫಿದ್ದಾ ಬಂದಳು. ಸಿಹಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಹುಡುಗನನ್ನು ದಿಟ್ಟಿಸಿ ನೋಡಿದಳು.

"ಅಯ್ಯೋ, ಇವ್ನು ಆ ಲಾರಿ ಡ್ರೈವರ್ ಮಗ ಅಲ್ವಾ? ಇವನಪ್ಪ ಲಾರೀಲಿ ಊರೂರು ತಿರುಗ್ತಿದ್ದಾಗ, ಇವನಮ್ಮ ಜ್ವರದಲ್ಲಿ ಎದ್ದೇಳೋಕಾಗ್ದೆ ಬಿದ್ದಿದ್ದಾಗ ಹಾಲು ಕೊಟ್ಟು ಬದುಕ್ಸಿದ್ದೇ ನಮ್ಮ ಅತ್ತಿಗೆ ಕಣ್ರೋ! ಈ ಮಗ್ಗುಲಲ್ಲಿ ಇವ್ಳು, ಆ ಮಗ್ಗುಲಲ್ಲಿ ಇವ್ನು!"

ಖಾಜಿಗಳು ಎತ್ತಿದ ಲೇಖನಿಯನ್ನು ಕೆಳಗಿಳಿಸಿದರು. "ಎಷ್ಟು ಸಲ ಕುಡಿಸಿದ್ರು ತಾಯಿ? ಐದು ಸಲ ಆಗಿರಬಹುದಾ?"

"ಐದಾ? ಒಳ್ಳೇ ಕೇಳಿದ್ರಿ! ಒಂದಿಡೀ ಚಳಿಗಾಲ ಕುಡ್ಸಿದ್ಲು. ಅತ್ತಾಗೆಲ್ಲ ಕೊಡೋದೇ, ಲೆಕ್ಕ ಇಡೋಕೆ ಅದೇನು ಹಾಲಿನಂಗಡಿನಾ?"

ತನ್ನ ಅತ್ತಿಗೆಯ ದೊಡ್ಡತನ ಹೇಳುತ್ತಿದ್ದೇನೆಂದೇ ಅವಳು ತಿಳಿದಿದ್ದಳು. ಖಾಜಿಗಳು ಲೇಖನಿಯ ಟೊಪ್ಪಿಗೆ ಹಾಕಿದ ಮೇಲೆಯೇ ಅವಳಿಗೆ ಅರ್ಥವಾದದ್ದು. ಆಮೇಲೆ ಸಾಯುವವರೆಗೂ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡಳು. ಪಾಪ, ಅವಳು ಹೇಳಿದ್ದು ಸತ್ಯ. ಒಂದೇ ಎದೆಹಾಲನ್ನು ಐದು ಸಲ ಕುಡಿದರೂ ಸಾಕು, ಅವರು ಒಡಹುಟ್ಟಿದವರು ಎಂದು ಧರ್ಮ ಹೇಳಿತು, ಹೌದೆಂದು ನಿಮ್ಮ ಕಾನೂನೂ ತಲೆಯಾಡಿಸಿತು. ನಾವು ತಲೆ ತಗ್ಗಿಸಿದೆವು.

ತಗ್ಗಿಸಿದ್ದು ಬರೀ ಬಾಯಿಮಾತಿಗಲ್ಲ. ಮುಂದಿನ ಹಬ್ಬಕ್ಕೆ ಅವನು ನಮ್ಮ ಬಾಗಿಲಿಗೆ ಬಂದ, ಒಡಹುಟ್ಟಿದವನು ತರುವ ಉಡುಗೊರೆ ಹಿಡಿದು. ಕಣ್ಣು ಮಾತ್ರ ನೆಲದ ಮೇಲಿತ್ತು. "ತಂಗೀ, ಹಬ್ಬದ ಶುಭಾಶಯ" ಅಂದ. ಆ ‘ತಂಗಿ’ ಎಂಬ ಮಾತು ಅವನ ಬಾಯಿಂದ ಹೊರಡಲು ಪಟ್ಟ ಪಾಡು ನನಗೆ ಗೊತ್ತು. ಕೆಲವು ವರ್ಷಗಳಲ್ಲಿ ಅದು ಸಲೀಸಾಯಿತು. ನಾನು ಬೇರೆಯವರನ್ನು ಮದುವೆಯಾದೆ, ನನ್ನ ಗಂಡ ಅವನನ್ನು ಭಾವ ಎಂದೇ ಕರೆದರು. ನನ್ನ ಮಗಳು ಹನಾದಿಗೆ ಅವನು ಮಾವ. ಅವನು ಮಾತ್ರ ಮದುವೆಯಾಗಲಿಲ್ಲ, ಶಾಲೆಯ ಬಸ್ ಓಡಿಸಿಕೊಂಡು ಇದ್ದುಬಿಟ್ಟ. ನಾನು ವಿಧವೆಯಾದ ಮೇಲೆ ಮಹಡಿಯ ಕೋಣೆಗೆ ಬಂದು ಸೇರಿದ. ನಮ್ಮ ಬೀದಿ ಎಂಥದ್ದೆಂದರೆ, ಒಬ್ಬಂಟಿ ಹೆಂಗಸಿನ ಮನೆಗೆ ಗ್ಯಾಸ್ ಸಿಲಿಂಡರಿನವನು ಬಂದರೂ ನಾಲ್ಕು ಕಿಟಕಿ ತೆರೆಯುತ್ತವೆ. ಅಂಥ ಬೀದಿಯೂ ಒಂದು ಮಾತಾಡಲಿಲ್ಲ. ಅಣ್ಣ ತಂಗಿಯ ಮನೆಯಲ್ಲಿದ್ದಾನೆ, ಅದರಲ್ಲೇನಿದೆ?

ಇದಿಷ್ಟನ್ನೂ ನಿಮ್ಮ ಕಚೇರಿಯಲ್ಲಿ ಹೇಳಿದೆ. ಅಲ್ಲಿ ಗೋಡೆಯ ಮೇಲೆ ‘ಕುಟುಂಬವೇ ಸಮಾಜದ ಬುನಾದಿ’ ಎಂಬ ಫಲಕವಿದೆ. ಅದರಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ನಗುತ್ತಿದ್ದಾರೆ. ನಮ್ಮ ಊರಿನಲ್ಲಿ ಅಜ್ಜಿ ಸಾಕಿದ ಮೊಮ್ಮಕ್ಕಳಿದ್ದಾರೆ, ಎರಡು ಮನೆಯ ಹೆಂಗಸರು ಒಂದೇ ಒಲೆ ಉರಿಸುವುದಿದೆ, ನೆರೆಯವಳ ಹಾಲು ಕುಡಿದು ಬದುಕಿದ ಕೂಸುಗಳಿವೆ. ಇವರೆಲ್ಲ ಆ ಚಿತ್ರದ ಚೌಕಟ್ಟಿನಲ್ಲಿ ಹಿಡಿಸಲಿಲ್ಲವೇನೋ. ಎಳೆಯ ಗುಮಾಸ್ತನೊಬ್ಬ ಮರುಗಿ, ಚಿಕ್ಕಮ್ಮನನ್ನು ಕರೆಯುವಂತೆ ಕರೆದು, ಉಪಾಯ ಹೇಳಿದ.

"ಖಾಲಾ, ಅಷ್ಟೆಲ್ಲ ಯಾಕೆ? ಇಲ್ಲೇ ನಿಕಾಹ್ ಮಾಡ್ಕೊಂಡ್ಬಿಡಿ. ಹೆಂಡ್ತಿ ಸಹಿ ನಡೆಯುತ್ತೆ."

ಪಕ್ಕದ ಮೇಜಿನ ಹಿರಿಯ ಗುಮಾಸ್ತ ಕನ್ನಡಕ ಸರಿಸಿ ಗದರಿದ. "ಬುದ್ಧಿ ಇದೆಯೇನೋ ನಿಂಗೆ? ಹಾಲಿನ ಅಣ್ಣ ಕಣೋ. ಹರಾಮ್! ಕಾನೂನೂ ಒಪ್ಪಲ್ಲ."

"ಹಾಗಾದ್ರೆ ಅಣ್ಣ ಅಂತ ಬರ್ಕೊಳ್ಳಿಯಪ್ಪಾ" ಅಂದೆ ನಾನು.

"ಅದ್ಹೆಂಗಾಗುತ್ತೆ ಖಾಲಾ? ರಕ್ತಸಂಬಂಧ ಇಲ್ವಲ್ಲ" ಅಂದ ಆ ಹಿರಿಯ ಗುಮಾಸ್ತನೇ.

ನಗಬೇಕೋ ಅಳಬೇಕೋ ತಿಳಿಯದೆ, ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಅತ್ತ ದರಿ, ಇತ್ತ ಪುಲಿ. ಸ್ವಾಮೀ, ಕೊಡುವುದನ್ನು ತಡೆಯಬೇಕಾದಾಗ ಹಾಲು ರಕ್ತಕ್ಕಿಂತ ಗಟ್ಟಿ. ಕೊಡಬೇಕಾಗಿ ಬಂದಾಗ ಅದು ನೀರು. ಇದು ಯಾವ ನ್ಯಾಯ? ಗಂಡನಾಗುವವನನ್ನು ಕಳೆದುಕೊಂಡು ಅಣ್ಣನನ್ನು ಪಡೆದವಳು ನಾನು. ಈಗ ಅಣ್ಣನೂ ಅಲ್ಲವೆನ್ನುತ್ತೀರಿ.

ನನ್ನ ಬೇಡಿಕೆ ಕೇಳಿ. ಫವಾಜ್ ನನ್ನ ಅಣ್ಣ ಎಂದು ಬರೆದುಕೊಟ್ಟು ಮನೆಗೆ ಕಳಿಸಿ. ಅದಾಗದಿದ್ದರೆ, ಅವನು ನನಗೆ ಏನೂ ಅಲ್ಲ ಎಂದು ಮೊಹರು ಒತ್ತಿ ಬರೆದುಕೊಡಿ. ಖಾಜಿಗಳ ಮುಂದೆ ಇಟ್ಟು, ಈಗ ನಿಕಾಹ್ ಬರೆಯಿರಿ ಎಂದು ಕೇಳುತ್ತೇನೆ. ನೀವು ಎರಡನ್ನೂ ಬರೆಯುವುದಿಲ್ಲ, ನನಗೆ ಗೊತ್ತು. ನಿಮ್ಮ ಮೇಲಿನವರನ್ನು ಕೇಳುತ್ತೀರಿ, ಅವರು ಅವರ ಮೇಲಿನವರನ್ನು. ಅಷ್ಟರಲ್ಲಿ ಗುರುವಾರ ಬರುತ್ತದೆ. ಅದಕ್ಕೇ ಕೈಮುಗಿದು ಇಷ್ಟು ಮಾತ್ರ ಕೇಳುತ್ತೇನೆ: ಆ ವಾಹನದಲ್ಲಿ ಅವನ ಪಕ್ಕ ಕೂರಲು ಬಿಡಿ. ರೋಗಿಯ ಜೊತೆ ನೆಂಟರು ಮಾತ್ರ ಕೂರಬಹುದೆಂದು ಚಾಲಕ ಈಗಲೇ ಹೇಳಿದ್ದಾನೆ. ದಾರಿ ದೂರ, ಅವನಿಗೆ ಬಾಯಾರಿಕೆಯಾದರೆ ಕೇಳಲು ಮಾತಿಲ್ಲ.

ಇಂತಿ,
ಮದುವೆಯಾಗಲು ತೀರಾ ಹತ್ತಿರದವಳು, ನೀರು ಕುಡಿಸಲು ತೀರಾ ದೂರದವಳು,
ಹನಾದಿಯ ತಾಯಿ ವಿದಾದ್
ಕರಕ್