ರಾಜ ಮರೆತ ಸಾಲು

ನಾಟಕದ ಮನೆಯ ಎದುರುಮನೆ,
ಭಾನುವಾರ, ಸ್ನಾನಕ್ಕೆ ಮುಂಚೆ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲಿಗೂ ನಿನ್ನ ಮಂಡಿಗೂ ರಾಜಿಯಾಯಿತೋ, ಇಲ್ಲ ಇನ್ನೂ ಮಾತು ಬಿಟ್ಟಿವೆಯೋ? ನಾನು ಚೆನ್ನಾಗಿದ್ದೇನೆ. ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ, ಹುಡುಗರು ನಿದ್ದೆ ಮಾಡುತ್ತಾರೆ. ಯಾರೂ ಯಾರಿಗೂ ತೊಂದರೆ ಕೊಡುವುದಿಲ್ಲ.

ನಿನ್ನೆ ನಾಟಕದ ಮನೆಯ ಕಸ ಗುಡಿಸಿದೆವು. ಮುಳುಗಿದ ದೋಣಿಯ ಹಲಗೆಗಳನ್ನು ಹೊತ್ತು ತಂದು ಅಜ್ಜ ಮತ್ತು ಅವರ ಗೆಳೆಯರು ಕಟ್ಟಿದ ರಂಗ ಈಗಲೂ ಕಾಲಿಟ್ಟರೆ ಕಿರುಗುಟ್ಟುತ್ತದೆ. 'ದೋಣಿ ಅಲ್ವಾ, ದಡ ಸೇರೋವರೆಗೂ ಅಳುತ್ತೆ' ಅನ್ನುತ್ತಿದ್ದೆ ನೀನು. ಆ ಮನೆ ಏನೆಲ್ಲ ಆಗಲಿಲ್ಲ! ಅಲ್ಲೇ ಸೂಜಿ ಚುಚ್ಚಿಸಿಕೊಂಡೆವು, ಅಲ್ಲೇ ಪರೀಕ್ಷೆ ಬರೆದೆವು, ಬಡಗಿಯ ಮಗಳ ಮದುವೆ ಊಟವನ್ನೂ ಅಲ್ಲೇ ಉಂಡೆವು. ಹೊಳೆ ಉಕ್ಕಿದ ವರ್ಷ ಊರಿಗೆ ಊರೇ ಅಲ್ಲಿ ಮಲಗಿತ್ತು. ರಂಗದ ಮೇಲೆ ಆಡುಗಳನ್ನು ಕಟ್ಟಿದ್ದರು. 'ಇಷ್ಟು ವರ್ಷ ನಾವು ಆಡಿದ್ವಿ, ಇವತ್ತು ಆಡುಗಳೇ ಆಡಲಿ' ಎಂದಿದ್ದರು ಅಪ್ಪ.

ಅಪ್ಪ ಪಾತ್ರಕ್ಕೆಂದೇ ಹುಟ್ಟಿದವರು. ಪಾತ್ರೆಗೆ ಕೈ ಹಚ್ಚಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ವರ್ಷಕ್ಕೊಮ್ಮೆ ಅದೇ ನಾಟಕ, ಅದೇ ರಾಜ. ಆದರೂ ನಮ್ಮವರು ಮಾತು ಬಾಯಿಪಾಠ ಮಾಡಿದವರಲ್ಲ. ರಂಗದ ಮುಂದಿನ ಗುಳಿಯಲ್ಲಿ ದಿಂಬು ಹಾಕಿಕೊಂಡು ಕೂತು ನೀನು ಒಂದೊಂದೇ ಸಾಲು ಪಿಸುಗುಟ್ಟಬೇಕು, ಅವರು ಗರ್ಜಿಸಬೇಕು. ಒಮ್ಮೆ ನೀನು 'ಥೂ, ಸೊಳ್ಳೆ!' ಎಂದದ್ದೇ ತಡ, ಮಂತ್ರಿಯಾಗಿದ್ದ ದರ್ಜಿ ಮಾವ ಕತ್ತಿ ಎತ್ತಿ ಶತ್ರುರಾಜನ ಮೇಲೆ 'ಥೂ, ಸೊಳ್ಳೆ!' ಎಂದು ಗುಡುಗಲಿಲ್ಲವೇ? ಜನ ಚಪ್ಪಾಳೆ ತಟ್ಟಿ ಮತ್ತೆ ಹೇಳಿಸಿದರು. ಆಮೇಲೆ ಸೊಳ್ಳೆಯಿಲ್ಲದ ನಾಟಕವನ್ನು ಊರು ಒಪ್ಪಲೇ ಇಲ್ಲ.

ಅಪ್ಪ ಹೋದಮೇಲೆ ನೀನು 'ಇನ್ನು ಯಾರಿಗೆ ಹೇಳಿಕೊಡಲಿ?' ಎಂದು ಗುಳಿಗೆ ಹಲಗೆ ಮುಚ್ಚಿಸಿ ಅಕ್ಕನ ಮನೆಗೆ ಹೋದೆ. ಅಂದಿನಿಂದ ನಾಟಕವಿಲ್ಲ. ಈ ಸಲವೂ ಆಡದಿದ್ದರೆ ಮನೆಯನ್ನು ಗೊಬ್ಬರದ ಮೂಟೆ ತುಂಬಲು ಕೊಡುತ್ತೇವೆ ಎಂದಿದೆ ಊರ ಸಮಿತಿ. ತಿಂಗಳ ಕೊನೆಯ ಶನಿವಾರ ಆಡಿಯೇ ತೀರುತ್ತೇವೆ ಎಂದುಬಿಟ್ಟಿದ್ದೇನೆ. ರಾಜ ನಾನೇ. ಅಪ್ಪನ ಕಿರೀಟ ಕಿವಿಯವರೆಗೂ ಇಳಿಯುತ್ತದೆ. ನಿನ್ನೆ ತಾಲೀಮಿನಲ್ಲಿ ಎಲ್ಲರೂ ಬಾಯಿ ತೆರೆದುಕೊಂಡು, ಹಲಗೆ ಮುಚ್ಚಿದ ಗುಳಿಯನ್ನೇ ನೋಡುತ್ತ ನಿಂತರು. 'ನಿಮ್ಮಮ್ಮ ಇಲ್ದೆ ನಮ್ಮ ಬಾಯಿಗೆ ಬೀಗ ಕಣೋ' ಎಂದರು ದರ್ಜಿ ಮಾವ.

ಅಕ್ಕನಿಗೆ ನೆನಪು, ಅವಳ ಮಕ್ಕಳಿಗೆ ಮುತ್ತು, ನಿನ್ನ ಮಂಡಿಗೆ ನನ್ನ ನಮಸ್ಕಾರ.

ನಿನ್ನ ಮಗ,
ಕಿರೀಟದೊಳಗೆ ಕಳೆದುಹೋದವ

ಮರೆತೇಬಿಟ್ಟಿದ್ದೆ: ಕೊನೆಯ ದೃಶ್ಯದಲ್ಲಿ ಅಪ್ಪ ಪ್ರತಿ ವರ್ಷವೂ ಒಂದೇ ಸಾಲನ್ನು, ನೀನು ಪಿಸುಗುಟ್ಟಿದರೂ, ಮರೆತು ನಿಂತು ಮತ್ತೆ ಹೇಳಿಸಿಕೊಳ್ಳುತ್ತಿದ್ದರಲ್ಲ, 'ನೀನಿಲ್ಲದ ಅರಮನೆಗೆ ಬಾಗಿಲೇಕೆ?' ಅಂತ, ಮನೆಗೆ ಬಂದು ನೀನು ಬೈಯುತ್ತಿದ್ದೆಯಲ್ಲ? ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರು ಇಡೀ ನಾಟಕವನ್ನು, ಎಲ್ಲರ ಮಾತನ್ನೂ, ಸೊಳ್ಳೆ ಸಮೇತ ನನಗೆ ಒಪ್ಪಿಸಿದರು. ಆ ಸಾಲನ್ನೂ. 'ಗೊತ್ತಿತ್ತಾ?' ಎಂದೆ. 'ಗೊತ್ತಿಲ್ದೆ ಏನೋ! ಮನೇಲಿ ನಿಮ್ಮಮ್ಮ ಇಂಥ ಮಾತು ಆಡ್ತಾಳಾ? ವರ್ಷಕ್ಕೊಂದ್ಸಲ ಅವಳ ಬಾಯಲ್ಲಿ ಕೇಳ್ಬೇಕಿತ್ತು' ಎಂದರು. ಹೇಳಬೇಡ ಎಂದಿದ್ದರು, ಹೇಳಿಬಿಟ್ಟೆ. ಗುಳಿಯ ಹಲಗೆ ತೆಗೆಸುತ್ತಿದ್ದೇನೆ. ನಿನ್ನ ದಿಂಬು ಬಿಸಿಲಿನಲ್ಲಿದೆ.