ಸಾಕು ಅನ್ನುವವರೆಗೆ

ಮಾರ್ಚ್ 9, ಭಾನುವಾರ

ಮೀಸಲು ಸೇನೆಗೆ ಸೇರುತ್ತೇನೆಂದು ಇವರು ಹಟ ಹಿಡಿದಿದ್ದಾರೆ. ನಾಳೆ ನಾನು ಹೂಂ ಅನ್ನಬೇಕು, ಇಲ್ಲವೇ ಊಹೂಂ. ಮೇಲಿನ ಮನೆಯ ಅಕ್ಕನ ಗಂಡನೂ ಅದರಲ್ಲಿದ್ದಾರೆ; ಎರಡು ಸಲ ಸೇನೆಯಿಂದ ಕರೆ ಬಂದು ತಿಂಗಳುಗಟ್ಟಲೆ ಹೋಗಿದ್ದರು. "ಹೂಂ ಅನ್ನೋ ಮುಂಚೆ ಅರ್ಧ ದಿನ ಅವ್ರನ್ನ ಸುಮ್ನೆ ಕೂರಿಸು. ಮನೇಲಿಲ್ಲ ಅಂದ್ಕೊಂಡೇ ಬದುಕಿ ನೋಡು," ಅಂದರು ಆ ಅಕ್ಕ.

ಮಧ್ಯಾಹ್ನ ಉಂಡ ಮೇಲೆ ಇವರನ್ನು ಕಿಟಕಿಯ ಪಕ್ಕ ಕೂರಿಸಿದೆ. ನಾನು ಸಾಕು ಅನ್ನುವವರೆಗೆ ಯಾವುದಕ್ಕೂ ಕೈಹಾಕುವಂತಿಲ್ಲ, ಬಾಯಿ ತೆರೆಯುವಂತಿಲ್ಲ.

ಅಷ್ಟರಲ್ಲೇ ನೀರಿನ ಮೋಟರ್ ಕೈಕೊಟ್ಟಿತು. ನಾನು ಸ್ಪ್ಯಾನರ್ ಉಲ್ಟಾ ತಿರುಗಿಸುತ್ತಿದ್ದರೆ, ದಿನವೂ ಲಿಫ್ಟ್ ರಿಪೇರಿ ಮಾಡುವ ಇವರು ಕಿಟಕಿಯಿಂದ ಹಲ್ಲುಕಚ್ಚಿ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂತೂ ನೀರು ಬಂತು. ಸಂಜೆ ಮಗಳ ಸೈಕಲ್ಲಿನ ಚೈನು ಕಳಚಿತು. ಅಪ್ಪನ ಕುರ್ಚಿ ದಾಟಿ ನೇರ ನನ್ನ ಹತ್ತಿರ ಬಂದಳು. "ಅಪ್ಪ ಇಲ್ವಲ್ಲ, ನೀನೇ ಹಾಕ್ಕೊಡಮ್ಮ." ಇವರು ಅರ್ಧ ಎದ್ದವರು ಮತ್ತೆ ಕೂತರು.

ಆಮೇಲೆ ಅಡುಗೆ, ಅಡುಗೆಮನೆಯಲ್ಲೇ ಊಟ, ಮಗಳ ಯೂನಿಫಾರ್ಮಿಗೆ ಇಸ್ತ್ರಿ, ಎಲ್ಲ ಸಲೀಸಾಗಿ ಮುಗಿಯಿತು. ಪರವಾಗಿಲ್ಲ, ನಿಭಾಯಿಸುತ್ತೇನೆ ಅಂದುಕೊಂಡು ನಡುಮನೆಯ ದೀಪ ಆರಿಸಿದೆ.

ಕತ್ತಲಲ್ಲಿ ಕಿಟಕಿಯ ಕಡೆಯಿಂದ ಮೆಲ್ಲಗೆ ಕೇಳಿದರು: "ಈಗಲಾದ್ರೂ ಏಳ್ಲೇನೇ?"

ಸಾಕು ಅನ್ನುವುದನ್ನೇ ಮರೆತಿದ್ದೆ. ರಾತ್ರಿ ಊಟಕ್ಕೆ ತಟ್ಟೆ ಹಾಕಿದ್ದೂ ಎರಡೇ, ನನಗೊಂದು, ಮಗಳಿಗೊಂದು.