ಮಿಷಿನ್ನೋ ಫಿಲ್ಟರೋ, ನಾಲ್ಕು ಗಂಟೆಯೊಳಗೆ

ಲೋ ತಮ್ಮಾ,

ಎದ್ದ ಕೂಡಲೇ ಕಾಫಿಗೆ ಕೈ ಹಾಕಬೇಡ, ಮೊದಲು ಇದನ್ನ ಓದು.

ನಿನ್ನ ಎಸ್ಪ್ರೆಸೊ ಮಿಷಿನ್ ಅಂಗಡಿಯಿಂದ ಬಂದು ಇವತ್ತಿಗೆ ಹತ್ತು ದಿನ. ಅದನ್ನ ಇಟ್ಕೋತೀವೋ, ನನ್ನ ಫಿಲ್ಟರೇ ಸಾಕೋ ಅಂತ ಇವತ್ತು ನಾಲ್ಕು ಗಂಟೆಯೊಳಗೆ ಅಂಗಡಿಯವರಿಗೆ ಹೇಳಬೇಕು, ವಾಪಸ್ ಕೊಡೋಕೆ ಇವತ್ತೇ ಕೊನೆ. ಪಕ್ಷಪಾತ ಬೇಡ ಅಂತ ಬೆಳಿಗ್ಗೆ ಎರಡನ್ನೂ ಬಿಚ್ಚಿ ನೋಡಿದೆ.

ಥೂ! ಹಾಲಿಗೆ ನೊರೆ ಬರಿಸೋ ಕೊಳವೆ ತುಂಬ ಹಳದಿ ಕೆನೆ ಗಟ್ಟಿಯಾಗಿ ಕೂತಿದೆ. ಕೆಳಗಿನ ತಟ್ಟೆಯ ಕೊಳೆನೀರಲ್ಲಿ ಎರಡು ನೊಣ ತೇಲ್ತಿವೆ. ಇದೇ ಮಿಷಿನ್ನಲ್ಲಿ ಕಾಫಿ ಮಾಡಿ ನಿನ್ನೆ ನನಗೂ ಕುಡಿಸಿದೆಯಲ್ಲೋ! ನಾನು ಲ್ಯಾಬಿನಲ್ಲಿ ಕೆಲಸ ಮಾಡೋಳು. ಇಂಥದ್ದನ್ನ ನಾವು ಗಾಜಿನ ತಟ್ಟೆಯಲ್ಲಿ ಬೆಳೆಸ್ತೀವಿ, ಕುಡಿಯಲ್ಲ.

ಆಮೇಲೆ ಫಿಲ್ಟರ್ ತೆಗೆದೆ. ಮಿಷಿನ್ ಬಂದ ದಿನ, ನಿನ್ನ ಮೇಲಿನ ಸಿಟ್ಟಿಗೆ, ಅದನ್ನ ತೊಳೀದೇ ಎತ್ತಿಟ್ಟಿದ್ದೆ. ಕಾಫಿ ಚರಟದ ಮೇಲೆ ಬೆಕ್ಕಿನ ಮರಿ ಮಲಗಿದ ಹಾಗೆ ಬಿಳೀ ಬೂಷ್ಟು. ನಗಬೇಡ.

ಮೂಗು ಮುಚ್ಕೊಂಡು ಅದನ್ನ ನಾನೇ ತಿಕ್ಕಿಟ್ಟಿದ್ದೀನಿ. ಮಿಷಿನ್ನ ನೀನೇ ತಿಕ್ಕು. ವಾಕರಿಕೆ ಬರದಿದ್ರೆ ಇಟ್ಕೋ, ಬಂದ್ರೆ ವಾಪಸ್ ಕೊಡು.

ನಾನು ಬಿಸಿನೀರು ಕುಡಿದು ಹೊರಟೆ. ಹತ್ತು ದಿನದಲ್ಲಿ ಈ ಅಡುಗೆಮನೆಯಲ್ಲಿ ನಾನು ಕುಡಿದದ್ದರಲ್ಲಿ ಚೊಕ್ಕಟವಾದದ್ದು ಅದೊಂದೇ.

ಅಕ್ಕ